ಲೊಕೇಶನ್ ಕೋಶೆಂಟ್ ಹಿಡಿದು ಕೋಲಾರವನ್ನು ಅಳೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ರೇಷ್ಮೆ, ಹಾಲು, ಚಿನ್ನ. ಕೋಲಾರ ಅಂದ ತಕ್ಷಣ ಈ ಮೂರು ಮಾತು ಬಂದೇ ಬರುತ್ತವೆ. ಚಿನ್ನದ ಗಣಿ ಮುಚ್ಚಿ ಎರಡು ದಶಕ ದಾಟಿದೆ. ರೇಷ್ಮೆಗೆ ಹೆಸರಾದ ಶಿಡ್ಲಘಟ್ಟ ಈಗ ಪಕ್ಕದ ಜಿಲ್ಲೆಯಲ್ಲಿದೆ. ಆದರೂ ಮಾತು ಹಾಗೇ ಉಳಿದಿದೆ. ಹಾಗಾದರೆ ಇವತ್ತು ನಮ್ಮ ಜಿಲ್ಲೆಯ ಕೈ ಯಾವ ಕೆಲಸದಲ್ಲಿ ಪಳಗಿದೆ? ಇದನ್ನು ಅಂಕಿಯಲ್ಲಿ ಹೇಳೋಕೆ ಒಂದು ಸರಳ ದಾರಿ ಲೊಕೇಶನ್ ಕೋಶೆಂಟ್. ಡಿಗ್ರಿ, ಎಂ.ಎ. ಓದುವವರು ಪ್ರಾಜೆಕ್ಟ್ ಮಾಡುವಾಗ ನನ್ನನ್ನು ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಜೋಡಿಸಿದ್ದೇನೆ. ಕೆಲವು ಪ್ರಶ್ನೆ ಪಂಚಾಯಿತಿ ಸದಸ್ಯರದ್ದು.

ಲೊಕೇಶನ್ ಕೋಶೆಂಟ್ ಅಂದರೆ ಏನು?

ಶಾಲೆಯಲ್ಲಿ ಭಾಗಲಬ್ಧ ಅಂತ ಕಲಿತಿದ್ದೇವಲ್ಲ, ಕೋಶೆಂಟ್ ಅಂದರೆ ಅದೇ. ಇಲ್ಲಿ ಭಾಗಿಸುವುದು ಎರಡು ಪಾಲುಗಳನ್ನು. ನಮ್ಮ ಊರಿನಲ್ಲಿ ದುಡಿಯುವವರಲ್ಲಿ ಒಂದು ಕಸುಬಿನವರು ನೂರಕ್ಕೆ ಎಷ್ಟು? ಇಡೀ ರಾಜ್ಯದಲ್ಲಿ ಅದೇ ಕಸುಬಿನವರು ನೂರಕ್ಕೆ ಎಷ್ಟು? ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಬಂದ ಸಂಖ್ಯೆಯೇ ಲೊಕೇಶನ್ ಕೋಶೆಂಟ್. ಬಾಯಿಮಾತಿನಲ್ಲಿ ಎಲ್‌ಕ್ಯೂ ಅನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ.

ಕೈಗಾರಿಕೆಗಳು ಎಲ್ಲೆಲ್ಲಿ ನೆಲೆ ನಿಂತಿವೆ ಅಂತ ನೋಡೋಕೆ ಇದನ್ನು ಬಳಕೆಗೆ ತಂದವರಲ್ಲಿ ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಪಿ. ಸಾರ್ಜೆಂಟ್ ಫ್ಲಾರೆನ್ಸ್ ಮುಖ್ಯರು. ಅಲ್ಲಿಂದ ಎಷ್ಟೋ ಹೊಸ ವಿಧಾನಗಳು ಬಂದಿವೆ. ಆದರೆ ಹತ್ತನೇ ಕ್ಲಾಸಿನ ಗಣಿತ ಬಂದರೆ ಸಾಕು ಅನ್ನುವಂಥದ್ದು ಇದೊಂದೇ. ಅದಕ್ಕೇ ನನಗೆ ಇದು ಇಷ್ಟ.

ಒಂದು ಲೆಕ್ಕ ಮಾಡಿ ತೋರಿಸಿ.

ಅರ್ಥವಾಗಲಿ ಅಂತ ನಾನೇ ಅಂಕಿ ಹಾಕಿಕೊಳ್ಳುತ್ತೇನೆ. ಒಂದು ಹೋಬಳಿ ಅಂದುಕೊಳ್ಳಿ. ಅಲ್ಲಿ ದುಡಿಯುವವರು 20,000 ಜನ. ಅವರಲ್ಲಿ ರೇಷ್ಮೆ ಹುಳು ಸಾಕುವವರು 1,200. ಅಂದರೆ ನೂರಕ್ಕೆ 6. ಇಡೀ ರಾಜ್ಯದಲ್ಲಿ ರೇಷ್ಮೆಯವರು ನೂರಕ್ಕೆ ಒಂದೂವರೆ. 6 ಭಾಗಿಸು 1.5, ಉತ್ತರ 4. ಈ ಹೋಬಳಿಯ ಬದುಕಿನಲ್ಲಿ ರೇಷ್ಮೆಗೆ ಇರುವ ಜಾಗ ರಾಜ್ಯದ ಸರಾಸರಿಯ ನಾಲ್ಕು ಪಟ್ಟು.

ಇದನ್ನೇ ತಿರುಗಿಸಿಯೂ ನೋಡಬಹುದು. 2011ರ ಜನಗಣತಿಯಲ್ಲಿ ಕೋಲಾರ ಜಿಲ್ಲೆಯ ಜನಸಂಖ್ಯೆ 15,36,401. ಕರ್ನಾಟಕದ್ದು 6,10,95,297. ಅಂದರೆ ರಾಜ್ಯದ ಪ್ರತಿ ಸಾವಿರ ಜನರಲ್ಲಿ ನಮ್ಮವರು ಸುಮಾರು 25. ರಾಜ್ಯದಲ್ಲಿ ಒಂದು ಕಸುಬಿನವರು ಸಾವಿರ ಜನ ಇದ್ದರೆ, 25 ಜನ ಕೋಲಾರದವರಾಗಿರುವುದು ಸಹಜ. 100 ಜನ ಇದ್ದರೆ? ಎಲ್‌ಕ್ಯೂ 4. ಐದೇ ಜನ ಇದ್ದರೆ 0.2. ಸರಿಯಾಗಿ ಮಾಡುವಾಗ ಜನಸಂಖ್ಯೆಯ ಬದಲು ದುಡಿಯುವವರ ಸಂಖ್ಯೆ ಹಾಕಬೇಕು. ಆದರೆ ಮನಸ್ಸಿನಲ್ಲೇ ಒಂದು ಅಂದಾಜು ಹಾಕೋಕೆ "ಸಾವಿರಕ್ಕೆ 25" ಅನ್ನುವುದು ನೆನಪಿರಲಿ.

ಒಂದಕ್ಕಿಂತ ಜಾಸ್ತಿ ಬಂದರೆ ಸಾಕಾ?

1 ಅಂದರೆ ರಾಜ್ಯ ಹೇಗೋ ನಾವೂ ಹಾಗೇ. 1.05ಕ್ಕೂ 0.95ಕ್ಕೂ ನಡುವೆ ಏನೋ ದೊಡ್ಡ ವಿಷಯ ಇದೆ ಅಂತ ಬರೆಯಬೇಡಿ. ಅಂಕಿ ಬರೆದುಕೊಳ್ಳುವಾಗ ಆಗುವ ತಪ್ಪುಗಳೇ ಅಷ್ಟಿರುತ್ತವೆ. ಬಹಳ ಜನ 1.25 ದಾಟಿದರೆ ಮಾತ್ರ ವಿಶೇಷ ಅನ್ನುತ್ತಾರೆ. ಅದೂ ರೂಢಿಯೇ ಹೊರತು ನಿಯಮವಲ್ಲ.

ಎಲ್‌ಕ್ಯೂ ಎಷ್ಟರವರೆಗೆ ಹೋಗಬಹುದು? ನನಗೆ 60 ಬಂತು!

ರಾಜ್ಯಕ್ಕೆ ಹೋಲಿಸಿ ಕೋಲಾರ ಜಿಲ್ಲೆಗೆ 60 ಬಂದಿದ್ದರೆ ಎಲ್ಲೋ ತಪ್ಪಾಗಿದೆ. ಇದಕ್ಕೊಂದು ಮೇಲ್ಮಿತಿ ಇದೆ. ರಾಜ್ಯದಲ್ಲಿ ಆ ಕಸುಬು ಮಾಡುವವರೆಲ್ಲ, ಒಬ್ಬರೂ ಬಿಡದೆ, ನಮ್ಮ ಜಿಲ್ಲೆಯಲ್ಲೇ ಇದ್ದಾರೆ ಅಂದುಕೊಳ್ಳಿ. ಸಾವಿರಕ್ಕೆ ಸಾವಿರವೂ ನಮ್ಮವರು. ಸಹಜ ಪಾಲು 25. 1,000 ಭಾಗಿಸು 25, ಬರುವುದು 40. ಅದಕ್ಕಿಂತ ಮೇಲೆ ಹೋಗೋಕೆ ಜಾಗವೇ ಇಲ್ಲ. ಸಣ್ಣ ತಾಲ್ಲೂಕಿಗೆ ಈ ಮಿತಿ ಇನ್ನೂ ಮೇಲಿರುತ್ತದೆ, ದೊಡ್ಡ ಜಿಲ್ಲೆಗೆ ಕೆಳಗೆ. ಹಾಗಾಗಿ ಬೆಂಗಳೂರು ನಗರದ 4ನ್ನೂ ಕೋಲಾರದ 4ನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. 2011ರಲ್ಲಿ ಬೆಂಗಳೂರು ನಗರ ಜಿಲ್ಲೆಯಲ್ಲಿ ಇದ್ದವರು 96 ಲಕ್ಷ, ರಾಜ್ಯದ ಆರರಲ್ಲಿ ಒಂದು ಪಾಲಿಗೆ ಹತ್ತಿರ. ಅಲ್ಲಿನ ಮಿತಿ ಆರು ಚಿಲ್ಲರೆ ಅಷ್ಟೇ.

ಕೆಜಿಎಫ್‌ನಲ್ಲಿ ಚಿನ್ನದ ಗಣಿಗಾರಿಕೆ ನಡೆಯುತ್ತಿದ್ದ ಕಾಲಕ್ಕೆ ಎಲ್‌ಕ್ಯೂ ಹಾಕಿದ್ದರೆ ಸಂಖ್ಯೆ ಆಗಿನ ಮೇಲ್ಮಿತಿಯ ಕಡೆಗೇ ವಾಲುತ್ತಿತ್ತು. ಇದನ್ನು ಬಿಟ್ಟರೆ ರಾಜ್ಯದಲ್ಲಿ ದೊಡ್ಡ ಚಿನ್ನದ ಗಣಿ ಅಂತ ಇದ್ದದ್ದು ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಮಾತ್ರ.

ಅಂಕಿ ಎಲ್ಲಿಂದ ತರಬೇಕು?

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಇದೇ. ಭಾಗಾಕಾರ ಐದು ನಿಮಿಷದ ಕೆಲಸ. ಅಂಕಿ ಹುಡುಕುವುದು ಐದು ವಾರದ ಕೆಲಸ.

ಜನಗಣತಿಯಲ್ಲಿ ದುಡಿಯುವವರನ್ನು ನಾಲ್ಕು ಗುಂಪು ಮಾಡಿರುತ್ತಾರೆ: ಸಾಗುವಳಿದಾರರು, ಕೃಷಿ ಕೂಲಿಗಳು, ಗೃಹ ಕೈಗಾರಿಕೆಯವರು, ಇತರೆ. ಹಳ್ಳಿ ಮಟ್ಟದವರೆಗೂ ಸಿಗುತ್ತದೆ, ಅದು ದೊಡ್ಡ ಅನುಕೂಲ. ಆದರೆ ಹೋಂಡಾ ಫ್ಯಾಕ್ಟರಿಯವನು, ಮೇಷ್ಟ್ರು, ಆಟೋ ಓಡಿಸುವವನು ಎಲ್ಲರೂ "ಇತರೆ"ಯಲ್ಲೇ ಸೇರಿಹೋಗುತ್ತಾರೆ.

ಆರ್ಥಿಕ ಗಣತಿ 1977ರಲ್ಲಿ ಶುರುವಾಯಿತು. ಆರನೆಯದು 2013ರದ್ದು. ಅಂಗಡಿ, ಕಾರ್ಖಾನೆ, ಮನೆಯಲ್ಲೇ ನಡೆಸುವ ಸಣ್ಣ ಘಟಕ, ಎಲ್ಲವನ್ನೂ ಎಣಿಸುತ್ತಾರೆ. ಎಲ್‌ಕ್ಯೂಗೆ ಬಹಳ ಒಗ್ಗುವ ಅಂಕಿ. ಆದರೆ ಬೆಳೆ ಬೆಳೆಯುವುದನ್ನು ಅದು ಸೇರಿಸುವುದಿಲ್ಲ. ನೋಡಿ, ಕೋಲಾರದ ಟೊಮ್ಯಾಟೊ ರೈತ ಅದರಲ್ಲಿ ಇಲ್ಲವೇ ಇಲ್ಲ! ಇದನ್ನು ಗಮನಿಸದೆ "ಕೋಲಾರದ ಆರ್ಥಿಕತೆ" ಅಂತ ತಲೆಬರಹ ಕೊಟ್ಟರೆ ಓದುವವರಿಗೆ ಮೋಸವಾಗುತ್ತದೆ.

ಎಎಸ್‌ಐ, ಅಂದರೆ ಕೈಗಾರಿಕೆಗಳ ವಾರ್ಷಿಕ ಸಮೀಕ್ಷೆ, ನೋಂದಾಯಿತ ಕಾರ್ಖಾನೆಗಳದ್ದು. ಕರೆಂಟ್ ಬಳಸುವ ಕಡೆ 10 ಜನ, ಬಳಸದ ಕಡೆ 20 ಜನ ಇದ್ದರೆ ಮಾತ್ರ ಲೆಕ್ಕಕ್ಕೆ. ನಾಲ್ಕು ಜನ ಕೂತು ನೂಲು ಬಿಚ್ಚುವ ರೀಲಿಂಗ್ ಘಟಕ ಇದರ ಕಣ್ಣಿಗೆ ಬೀಳುವುದಿಲ್ಲ. ರಾಜ್ಯದ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದವರು ಜಿಲ್ಲಾವಾರು ಅಂಕಿ ಅಂಶಗಳ ಪುಸ್ತಕ ತರುತ್ತಾರೆ. ಬೆಳೆ ವಿಸ್ತೀರ್ಣ, ಜಾನುವಾರು, ಕೈಗಾರಿಕೆ ಇವೆಲ್ಲ ಒಂದೇ ಕಡೆ ಸಿಗುತ್ತವೆ. ನಾನಾದರೆ ಅಲ್ಲಿಂದಲೇ ಶುರು ಮಾಡುತ್ತೇನೆ.

ಒಂದು ಮಾತು ಮಾತ್ರ ಮರೆಯಬೇಡಿ. ಮೇಲಿನ ಪಾಲು, ಕೆಳಗಿನ ಪಾಲು ಎರಡೂ ಒಂದೇ ಮೂಲದಿಂದ, ಒಂದೇ ವರ್ಷದ್ದಾಗಿರಬೇಕು. ತಾಲ್ಲೂಕಿನದ್ದು ಜನಗಣತಿಯಿಂದ, ರಾಜ್ಯದ್ದು ಆರ್ಥಿಕ ಗಣತಿಯಿಂದ ತಂದರೆ ಆ ಭಾಗಾಕಾರಕ್ಕೆ ಅರ್ಥವೇ ಇರುವುದಿಲ್ಲ.

ರೇಷ್ಮೆಯನ್ನು ಯಾವ ಸಾಲಿನಲ್ಲಿ ಹುಡುಕಲಿ?

ಎರಡು ಸಾಲಿನಲ್ಲಿ. ಎನ್‌ಐಸಿ 2008 ಅನ್ನುವ, ಪ್ರತಿ ಕಸುಬಿಗೂ ಒಂದು ಸಂಖ್ಯೆ ಕೊಟ್ಟಿರುವ ರಾಷ್ಟ್ರೀಯ ಪಟ್ಟಿಯಲ್ಲಿ ಹುಳು ಸಾಕುವುದು 01ರಲ್ಲಿ, ಅಂದರೆ ಕೃಷಿಯ ಜೊತೆ ಇದೆ. ನೂಲು ತೆಗೆಯುವುದು 13ರಲ್ಲಿ, ಜವಳಿಯ ಜೊತೆ. ಗೂಡಿನವರೆಗೆ ಒಂದು ಲೆಕ್ಕ, ಗೂಡಿನಿಂದಾಚೆಗೆ ಇನ್ನೊಂದು ಲೆಕ್ಕ. ಹಾಗೇ ಕಾರು 29ರಲ್ಲಿ, ಮೋಟಾರ್ ಸೈಕಲ್ 30ರಲ್ಲಿ, ಮೊಬೈಲ್ ಫೋನ್ 26ರಲ್ಲಿ ಬರುತ್ತದೆ.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಹುಳು ಸಾಕುವ ಮನೆಗೆ ನೀವು ಹೋಗಿದ್ದರೆ ಗೊತ್ತಿರುತ್ತದೆ. ನಾಲ್ಕನೇ ಜ್ವರ (ಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತು) ಎದ್ದ ಮೇಲೆ ಹುಳುವಿನ ಹಸಿವು ಹೇಳತೀರದು. ಸೊಪ್ಪು ಹಾಕಿದ ಸ್ವಲ್ಪ ಹೊತ್ತಿಗೆ ಕಡ್ಡಿ ಮಾತ್ರ ಉಳಿದಿರುತ್ತದೆ. ಮನೆಯೊಳಗೆ ಮಳೆ ಸುರಿದ ಹಾಗೆ ಸದ್ದು. ರಾತ್ರಿ ಎದ್ದು ಸೊಪ್ಪು ಕೊಡುವವಳು, ಹಣ್ಣಾದ ಹುಳು ಆರಿಸಿ ಗೂಡು ಕಟ್ಟೋಕೆ ಚಂದ್ರಿಕೆಗೆ (ಬಿದಿರಿನ ತಟ್ಟೆಗೆ) ಬಿಡುವವಳು ಬಹುಪಾಲು ಮನೆಯ ಹೆಂಗಸೇ. ಗಣತಿಯವರು ಬಂದು "ಇವರೇನು ಮಾಡ್ತಾರೆ?" ಅಂತ ಕೇಳಿದರೆ ಜಗಲಿ ಮೇಲೆ ಕೂತ ಗಂಡಸು "ಮನೇಲೇ ಇರ್ತಾಳೆ" ಅಂದುಬಿಡುತ್ತಾನೆ. ಅಲ್ಲಿಗೆ ಒಂದು ಜೋಡಿ ಕೈ ಲೆಕ್ಕದಿಂದ ಹೊರಗೆ. ರೇಷ್ಮೆಯ ಎಲ್‌ಕ್ಯೂ ಬರೆಯುವವರು ಈ ವಿಷಯಕ್ಕೆ ಒಂದು ಸಾಲಾದರೂ ಕೊಡಬೇಕು ಅನ್ನುವುದು ನನ್ನ ಒತ್ತಾಯ.

ಬೆಳಗ್ಗೆ ರೈಲಿನಲ್ಲಿ ಬೆಂಗಳೂರಿಗೆ ಹೋಗುವವರು ಯಾರ ಲೆಕ್ಕಕ್ಕೆ ಬರುತ್ತಾರೆ?

ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆ ಬಿಟ್ಟು ಎಲ್‌ಕ್ಯೂ ಮಾಡಿದರೆ ಅರ್ಧ ಕೆಲಸ ಮಾಡಿದ ಹಾಗೆ.

ಬಂಗಾರಪೇಟೆ ಪ್ಲಾಟ್‌ಫಾರ್ಮಿನಲ್ಲಿ ಬೆಳಗಿನ ಕತ್ತಲಲ್ಲಿ ನಿಂತು ನೋಡಿ. ಮಾರಿಕುಪ್ಪಂ ಕಡೆಯಿಂದ ಬರುವ ರೈಲು ಚಾಂಪಿಯನ್, ಊರಿಗಾಂ, ಕೋರಮಂಡಲ್ ದಾಟಿ ಬರುವಷ್ಟರಲ್ಲೇ ಸೀಟು ಭರ್ತಿ. ಕೈಯಲ್ಲಿ ಊಟದ ಡಬ್ಬಿ, ಕೊರಳಲ್ಲಿ ಐಡಿ ಕಾರ್ಡು. ಗಣಿ ಮುಚ್ಚಿದ ಮೇಲೆ ಎಷ್ಟೋ ಮನೆಗಳ ಅನ್ನ ಈ ರೈಲಿನ ಮೇಲೆ ನಿಂತಿದೆ. ಮಲಗುವುದು ಕೆಜಿಎಫ್‌ನಲ್ಲಿ, ದುಡಿಯುವುದು ಬೆಂಗಳೂರಿನಲ್ಲಿ.

ಜನಗಣತಿ ಮನೆ ಬಾಗಿಲಲ್ಲಿ ಎಣಿಸುತ್ತದೆ. ಹಾಗಾಗಿ ಇವರು ಕೋಲಾರ ಜಿಲ್ಲೆಯವರು. ಆರ್ಥಿಕ ಗಣತಿ, ಎಎಸ್‌ಐ ಎರಡೂ ಕೆಲಸದ ಜಾಗದಲ್ಲಿ ಎಣಿಸುತ್ತವೆ. ಅಲ್ಲಿ ಇವರು ಬೆಂಗಳೂರಿನವರು. ಒಬ್ಬನೇ ಮನುಷ್ಯ, ಒಂದು ಪುಸ್ತಕದಲ್ಲಿ ಇಲ್ಲಿ, ಇನ್ನೊಂದರಲ್ಲಿ ಅಲ್ಲಿ. ನರಸಾಪುರದಲ್ಲಿ ಇದು ತಿರುಗುಮುರುಗು. ಅಲ್ಲಿನ ಫ್ಯಾಕ್ಟರಿಗಳಿಗೆ ಬೇರೆ ಜಿಲ್ಲೆಗಳಿಂದ, ಬೇರೆ ರಾಜ್ಯಗಳಿಂದ ಬಂದು ದುಡಿಯುವವರಿದ್ದಾರೆ. ಅವರ ಮನೆ ಎಲ್ಲೋ, ಕೆಲಸ ನಮ್ಮಲ್ಲಿ.

ಯಾವುದು ಸರಿ? ಎರಡೂ ಸರಿ, ಪ್ರಶ್ನೆ ಬೇರೆ ಅಷ್ಟೇ. "ಕೋಲಾರದ ನೆಲದಲ್ಲಿ ಏನು ತಯಾರಾಗುತ್ತದೆ?" ಅನ್ನುವುದಾದರೆ ಕೆಲಸದ ಜಾಗದ ಅಂಕಿ ತಗೊಳ್ಳಿ. "ಕೋಲಾರದ ಮನೆಗಳು ಯಾವುದರಿಂದ ಬದುಕುತ್ತವೆ?" ಅನ್ನುವುದಾದರೆ ಮನೆ ಬಾಗಿಲಿನ ಅಂಕಿ. ವರದಿಯ ಮೊದಲ ಪುಟದಲ್ಲೇ ಯಾವ ಪ್ರಶ್ನೆ ಅಂತ ಬರೆದುಬಿಡಿ.

ಹೋಲಿಕೆ ರಾಜ್ಯದ ಜೊತೆಗೋ, ದೇಶದ ಜೊತೆಗೋ?

ಜಿಲ್ಲೆಗೆ ರಾಜ್ಯ ಸಾಕು. ಆದರೆ ಕರ್ನಾಟಕದ ಸರಾಸರಿ ಒಳಗೆ ಬೆಂಗಳೂರು ಕೂತಿದೆ ಅನ್ನುವುದು ತಲೆಯಲ್ಲಿರಲಿ. ಐಟಿ, ಸಾಫ್ಟ್‌ವೇರ್ ಪಾಲು ಅಲ್ಲಿಂದ ಎಷ್ಟು ಮೇಲೇಳುತ್ತದೆ ಅಂದರೆ ಉಳಿದ ಬಹುತೇಕ ಜಿಲ್ಲೆಗಳು ಐಟಿಯಲ್ಲಿ ಸೊನ್ನೆಯ ಹತ್ತಿರ, ಬೇಸಾಯದಲ್ಲಿ ಎತ್ತರದಲ್ಲಿ ಕಾಣುತ್ತವೆ. ಬೆಂಗಳೂರು ನಗರ ಜಿಲ್ಲೆಯನ್ನು ಕಳೆದು ಇನ್ನೊಮ್ಮೆ ಲೆಕ್ಕ ಮಾಡಿ, ಎರಡನ್ನೂ ಪಕ್ಕಪಕ್ಕ ಇಡಿ. ಎರಡರಲ್ಲೂ ಎದ್ದು ಕಾಣುವ ಕಸುಬೇ ನಿಜಕ್ಕೂ ನಮ್ಮ ಜಿಲ್ಲೆಯ ವಿಶೇಷ.

ದುಡಿಯುವವರ ಬದಲು ಬೆಳೆ, ಹಣ ಇವುಗಳಿಂದ ಮಾಡಬಹುದಾ?

ಧಾರಾಳವಾಗಿ. ಟೊಮ್ಯಾಟೊಗೆ ನಾನು ಬೆಳೆ ವಿಸ್ತೀರ್ಣವನ್ನೇ ತಗೊಳ್ಳುವುದು. ಜಿಲ್ಲೆಯ ಒಟ್ಟು ಬೆಳೆ ವಿಸ್ತೀರ್ಣದಲ್ಲಿ ಟೊಮ್ಯಾಟೊ ಪಾಲು, ರಾಜ್ಯದ ಒಟ್ಟು ವಿಸ್ತೀರ್ಣದಲ್ಲಿ ಟೊಮ್ಯಾಟೊ ಪಾಲು. ಶ್ರೀನಿವಾಸಪುರದ ಮಾವಿಗೂ ಇದೇ ದಾರಿ. ತೋಟಕ್ಕೆ ವರ್ಷವಿಡೀ ಆಳು ಇರುವುದಿಲ್ಲ, ಕಾಯಿ ಕೀಳುವ ಕಾಲಕ್ಕೆ ಮಾತ್ರ ಜನ ಬರುತ್ತಾರೆ. ಅಂಥ ಕಡೆ ಜನರನ್ನು ಎಣಿಸುವುದಕ್ಕಿಂತ ಎಕರೆ ಎಣಿಸುವುದು ಮೇಲು.

ರೂಪಾಯಿಯಲ್ಲಿ ಅಳೆಯುವಾಗ ಮಾತ್ರ ಹುಷಾರು. ಕೋಲಾರ ಎಪಿಎಂಸಿಯಲ್ಲಿ ಟೊಮ್ಯಾಟೊ ಮಾರುವುದು 15 ಕೆಜಿ ಬಾಕ್ಸಿನ ಲೆಕ್ಕದಲ್ಲಿ. 2023ರ ಜುಲೈನಲ್ಲಿ ಒಂದು ಬಾಕ್ಸ್ 2,000 ರೂಪಾಯಿ ದಾಟಿತ್ತು. ಅದೇ ಮಂಡಿಯಲ್ಲಿ ಬಾಡಿಗೆ ಖರ್ಚೂ ಹುಟ್ಟದೆ ರೈತರು ಹಣ್ಣನ್ನು ರಸ್ತೆ ಬದಿ ಸುರಿದು ಹೋದ ದಿನಗಳನ್ನೂ ನಾವು ಕಂಡಿದ್ದೇವೆ. ಹೊಲ ಅದೇ, ಬೆಳೆ ಅದೇ, ಬೆಲೆ ಮಾತ್ರ ಬೇರೆ. ಒಂದು ವರ್ಷದ ಹಣದಿಂದ ಎಲ್‌ಕ್ಯೂ ತೆಗೆದರೆ ನೀವು ಜಿಲ್ಲೆಯ ಕಸುಬನ್ನಲ್ಲ, ಆ ತಿಂಗಳ ರೇಟನ್ನು ಅಳೆದಿರುತ್ತೀರಿ. ಐದಾರು ವರ್ಷದ ಸರಾಸರಿ ತಗೊಳ್ಳಿ.

ಕೋಲಾರದ ಹಳೇ ಅಂಕಿ, ಹೊಸ ಅಂಕಿ ಹೋಲಿಸಿದೆ. ರೇಷ್ಮೆ ದಿಢೀರನೆ ಬದಲಾಗಿದೆ. ಯಾಕೆ?

2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಯಿತು. ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು, ಬಾಗೇಪಲ್ಲಿ, ಗುಡಿಬಂಡೆ, ಚಿಕ್ಕಬಳ್ಳಾಪುರ, ಆರೂ ತಾಲ್ಲೂಕು ಆ ಕಡೆ ಹೋದವು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯೂ ಅವುಗಳ ಜೊತೆಗೇ ಹೋಯಿತು. ಯಾವ ರೈತನೂ ಹಿಪ್ಪುನೇರಳೆ ಕಿತ್ತುಹಾಕಲಿಲ್ಲ, ಗೆರೆ ಬದಲಾಯಿತು ಅಷ್ಟೇ. ಹಳೇದು ಹೊಸದು ಹೋಲಿಸಬೇಕಾದರೆ ತಾಲ್ಲೂಕುಗಳ ಅಂಕಿ ತಂದು ಎರಡೂ ಜಿಲ್ಲೆ ಕೂಡಿಸಿ, ಅಥವಾ ಈಗಿನ ಗೆರೆಯನ್ನೇ ಹಳೇ ವರ್ಷಕ್ಕೂ ಎಳೆಯಿರಿ.

ಎಲ್‌ಕ್ಯೂ ಏರಿದರೆ ಕಸುಬು ಬೆಳೆಯುತ್ತಿದೆ ಅಂತ ತಾನೇ?

ಅಲ್ಲ. ಮೇಲಿನ ಹೋಬಳಿಯನ್ನೇ ನೋಡಿ. 1,200 ಜನರಲ್ಲಿ 300 ಜನ ರೇಷ್ಮೆ ಬಿಟ್ಟರು, 900 ಉಳಿದರು. 20,000ದಲ್ಲಿ 900 ಅಂದರೆ ನೂರಕ್ಕೆ 4.5. ಅಷ್ಟರಲ್ಲಿ ರಾಜ್ಯದಲ್ಲಿ ರೇಷ್ಮೆಯವರ ಪಾಲು 1.5ರಿಂದ 0.9ಕ್ಕೆ ಇಳಿಯಿತು. 4.5 ಭಾಗಿಸು 0.9, ಉತ್ತರ 5. ಎಲ್‌ಕ್ಯೂ 4ರಿಂದ 5ಕ್ಕೆ ಏರಿತು, ಮುನ್ನೂರು ಜನ ಮಾತ್ರ ಕಸುಬು ಬಿಟ್ಟು ಹೋಗಿದ್ದಾರೆ. ಎಲ್‌ಕ್ಯೂ ಪಕ್ಕದಲ್ಲೇ ಜನರ ಸಂಖ್ಯೆಯನ್ನೂ ಬರೆಯಿರಿ ಅಂತ ನಾನು ಪದೇ ಪದೇ ಹೇಳುವುದು ಇದಕ್ಕೇ.

ಜಾಸ್ತಿ ಎಲ್‌ಕ್ಯೂ ಇರುವ ಊರು ಚೆನ್ನಾಗಿರುವ ಊರು ಅಲ್ವಾ?

ಈ ಪ್ರಶ್ನೆಗೆ ಕೆಜಿಎಫ್‌ಗಿಂತ ದೊಡ್ಡ ಉತ್ತರ ಇಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿ ಕೆಲಸ ಶುರು ಮಾಡಿತು. 1902ರಲ್ಲೇ ಶಿವನಸಮುದ್ರದಿಂದ ಕರೆಂಟ್ ಬಂತು. ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿಯಿತು. 800 ಟನ್‌ಗೂ ಜಾಸ್ತಿ ಚಿನ್ನ ಹೊರಗೆ ಬಂತು. ಆ ಊರಿನ ಆಸ್ಪತ್ರೆ, ಶಾಲೆ, ಕ್ಲಬ್ಬು, ಲೈನ್ ಮನೆಗಳು, ಎಲ್ಲ ಗಣಿಯ ಸುತ್ತ ಕಟ್ಟಿದ್ದು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಒಂದೇ ಕಂಬದ ಮೇಲೆ ನಿಂತ ಮನೆ ಹೇಗಿರುತ್ತದೋ ಹಾಗಾಯಿತು. ಬಿಇಎಂಎಲ್ ಕಾರ್ಖಾನೆ ಇರದಿದ್ದರೆ, ಬೆಂಗಳೂರಿನ ರೈಲು ಇರದಿದ್ದರೆ ಆ ಊರು ಏನಾಗುತ್ತಿತ್ತೋ ನೆನೆದರೆ ಸಂಕಟವಾಗುತ್ತದೆ.

ಎಲ್‌ಕ್ಯೂ ಕೂಲಿ ಎಷ್ಟು ಅಂತ ಹೇಳುವುದಿಲ್ಲ. ಕೆಲಸ ಕಾಯಂ ಹೌದೋ ಅಲ್ಲವೋ ಹೇಳುವುದಿಲ್ಲ. ನೀರು ಎಷ್ಟು ಉಳಿದಿದೆ ಅಂತಲೂ ಹೇಳುವುದಿಲ್ಲ. ವರ್ಷವಿಡೀ ಹರಿಯುವ ನದಿಯೇ ಇಲ್ಲದ ಜಿಲ್ಲೆ ನಮ್ಮದು. ಬೆಂಗಳೂರಿನ ಕೊಳಚೆ ನೀರು ಸಂಸ್ಕರಣೆಯಾಗಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ಬರೋಕೆ ಶುರುವಾದದ್ದು 2018ರಲ್ಲಿ. ತರಕಾರಿಯಲ್ಲಿ ನಮ್ಮ ಎಲ್‌ಕ್ಯೂ ಎತ್ತರ ಅಂತ ಹೇಳುವಾಗ ಅದರ ಹಿಂದೆ ಸಾವಿರ ಅಡಿಗೂ ಆಳಕ್ಕೆ ಕೊರೆದ ಬೋರ್‌ವೆಲ್ ಇದೆ ಅನ್ನುವುದನ್ನೂ ಹೇಳಬೇಕು.

"ಹೊರಗೆ ಮಾರುವ ಕೆಲಸ" ಅಂತ ಒಂದು ಲೆಕ್ಕ ಇದೆಯಂತಲ್ಲ?

ಇದೆ. ನಮ್ಮ ಹೋಬಳಿಯಲ್ಲಿ ರಾಜ್ಯದ ಪಾಲಿನಷ್ಟೇ ರೇಷ್ಮೆಯವರು ಇದ್ದಿದ್ದರೆ 300 ಜನ ಇರಬೇಕಿತ್ತು. ಇರುವುದು 1,200. ಉಳಿದ 900 ಜನ ಹೊರಗಿನವರಿಗಾಗಿ ದುಡಿಯುತ್ತಾರೆ, ಹೊರಗಿನ ದುಡ್ಡು ಊರಿಗೆ ತರುತ್ತಾರೆ ಅಂತ ಅಂದಾಜು. ಆ ದುಡ್ಡಿನಿಂದ ಟೀ ಅಂಗಡಿ, ದರ್ಜಿ, ಬಟ್ಟೆ ಅಂಗಡಿ ನಡೆಯುತ್ತವೆ ಅನ್ನುವುದು ಇದರ ಹಿಂದಿನ ಯೋಚನೆ.

ಅಂದಾಜು ಅಂತ ಒತ್ತಿ ಹೇಳುತ್ತಿದ್ದೇನೆ. ಎಲ್ಲ ಊರಿನವರೂ ಒಂದೇ ಥರ ಕೊಳ್ಳುತ್ತಾರೆ, ಎಲ್ಲ ಕಡೆ ಒಬ್ಬ ಆಳು ಒಂದೇ ಅಳತೆಯ ಕೆಲಸ ಮಾಡುತ್ತಾನೆ ಅಂತ ಇದು ನಂಬಿಕೊಂಡಿದೆ. ಮೊಬೈಲ್ ಫ್ಯಾಕ್ಟರಿಗೆ ಈ ನಂಬಿಕೆ ಕೂರುವುದಿಲ್ಲ. ನರಸಾಪುರದಲ್ಲಿ ಐಫೋನ್ ಜೋಡಿಸುವ ಫ್ಯಾಕ್ಟರಿ ಮೊದಲು ವಿಸ್ಟ್ರಾನ್‌ನದ್ದು, 2023ರಿಂದ ಟಾಟಾದವರದ್ದು. ಅಲ್ಲಿ ತಯಾರಾಗುವುದರಲ್ಲಿ ನಮ್ಮ ಊರಿನವರು ಕೊಳ್ಳುವುದು ಎಷ್ಟು? ಅಂಥ ಕಡೆ ಬಹುತೇಕ ಎಲ್ಲವೂ ಹೊರಗೆ ಮಾರುವ ಕೆಲಸವೇ. ಇನ್ನು ಲಾಭ, ಬಿಡಿಭಾಗದ ಖರ್ಚು ಎಲ್ಲಿಗೆ ಹೋಗುತ್ತದೆ ಅನ್ನುವುದು ಎಲ್‌ಕ್ಯೂಗೆ ಗೊತ್ತೇ ಆಗುವುದಿಲ್ಲ.

ಒಂದು ಹಳ್ಳಿಗೆ ಲೆಕ್ಕ ಮಾಡಬಹುದಾ?

ಬೇಡ. ದುಡಿಯುವವರು 200 ಜನ ಇರುವ ಹಳ್ಳಿ, ಅಲ್ಲಿ ಊದುಬತ್ತಿ ಹೊಸೆಯುವವರು 6 ಜನ. ನೂರಕ್ಕೆ 3. ರಾಜ್ಯದ ಪಾಲು 0.3 ಅಂತಿಟ್ಟುಕೊಂಡರೆ ಎಲ್‌ಕ್ಯೂ 10! ಒಂದು ಮನೆಯವರು ಕೆಲಸ ನಿಲ್ಲಿಸಿದರೆ ಅದು 5ಕ್ಕೆ ಬೀಳಬಹುದು. ಹೋಬಳಿಗಿಂತ ಕೆಳಗೆ ಇಳಿದರೆ ಸುಮ್ನೆ ಹೋಗಿ ಮಾತಾಡಿಸಿ ಬರುವುದೇ ಒಳ್ಳೆಯದು.

ಮ್ಯಾಪಿನಲ್ಲಿ ಬಣ್ಣ ತುಂಬಿದರೆ ಒಂದೆರಡು ತಾಲ್ಲೂಕು ಮಾತ್ರ ಎದ್ದು ಕಾಣುತ್ತವೆ.

ಎಲ್‌ಕ್ಯೂ ಕೆಳಗಡೆ ಸೊನ್ನೆಗೆ ನಿಲ್ಲುತ್ತದೆ, ಮೇಲ್ಗಡೆ ಹತ್ತು ಇಪ್ಪತ್ತು ಅಂತ ಓಡುತ್ತದೆ. ಅದಕ್ಕೆ ಒಂದು ಉಪಾಯ ಇದೆ. ಎಲ್‌ಕ್ಯೂನಿಂದ 1 ಕಳೆಯಿರಿ, ಅದನ್ನು ಎಲ್‌ಕ್ಯೂಗೆ 1 ಕೂಡಿಸಿದ ಸಂಖ್ಯೆಯಿಂದ ಭಾಗಿಸಿ. 4 ಇದ್ದದ್ದು 0.6 ಆಗುತ್ತದೆ. ಕಾಲು ಭಾಗ, ಅಂದರೆ 0.25 ಇದ್ದದ್ದು ಮೈನಸ್ 0.6 ಆಗುತ್ತದೆ. ನಾಲ್ಕು ಪಟ್ಟು ಜಾಸ್ತಿ, ನಾಲ್ಕು ಪಟ್ಟು ಕಮ್ಮಿ ಎರಡೂ ನಡುಗೆರೆಯಿಂದ ಒಂದೇ ದೂರದಲ್ಲಿ ಕೂರುತ್ತವೆ.

ಇದಕ್ಕೆ ಸಾಫ್ಟ್‌ವೇರ್ ಬೇಕಾ?

ಎಕ್ಸೆಲ್ ಸಾಕು. ಮೊದಲ ಸಲ ಕ್ಯಾಲ್ಕುಲೇಟರಿನಲ್ಲಿ ಕೈಯಾರೆ ಮಾಡಿ.

ಸರ್ಕಾರ ಈಗಾಗಲೇ "ಒಂದು ಜಿಲ್ಲೆ ಒಂದು ಉತ್ಪನ್ನ" ಅಂತ ಆರಿಸಿದೆಯಲ್ಲ. ಮತ್ತೆ ನಾವ್ಯಾಕೆ ಲೆಕ್ಕ ಹಾಕಬೇಕು?

ಕಿರು ಆಹಾರ ಉದ್ದಿಮೆಗಳಿಗಾಗಿ 2020ರಲ್ಲಿ ಬಂದ ಪಿಎಂಎಫ್‌ಎಂಇ ಯೋಜನೆಯಲ್ಲಿ ಕೋಲಾರಕ್ಕೆ ಸಿಕ್ಕಿದ್ದು ಟೊಮ್ಯಾಟೊ. ಒಳ್ಳೆಯ ಆಯ್ಕೆಯೇ. ಆದರೆ ಟೊಮ್ಯಾಟೊ ಬೆಳೆಯುವುದರಲ್ಲಿ ನಮ್ಮ ಎಲ್‌ಕ್ಯೂ ಎಷ್ಟು, ಟೊಮ್ಯಾಟೊದಿಂದ ಸಾಸ್, ಪೇಸ್ಟ್, ಪುಡಿ ಮಾಡುವುದರಲ್ಲಿ ಎಷ್ಟು? ಈ ಎರಡನ್ನೂ ಬೇರೆ ಬೇರೆ ತೆಗೆಯಿರಿ. ಮೊದಲನೆಯದಕ್ಕೆ ಬೆಳೆ ವಿಸ್ತೀರ್ಣ, ಎರಡನೆಯದಕ್ಕೆ ಎನ್‌ಐಸಿ 10ರಲ್ಲಿ ಬರುವ ಹಣ್ಣು ತರಕಾರಿ ಸಂಸ್ಕರಣೆಯ ಕೆಲಸಗಾರರು. ಎರಡರ ನಡುವಿನ ಅಂತರ ಎಷ್ಟಿದೆಯೋ ಅಷ್ಟು ಹಣ್ಣು ಹಸಿಯಾಗೇ ಲಾರಿ ಹತ್ತಿ ಹೊರಗೆ ಹೋಗುತ್ತಿದೆ ಅಂತ ಅನುಮಾನ ಪಡಬಹುದು. ಅಷ್ಟು ಮಾಡಿ, ಆಮೇಲೆ ಒಂದು ದಿನ ಬೆಳಗ್ಗೆ ಎಪಿಎಂಸಿ ಯಾರ್ಡಿಗೆ ಹೋಗಿ. ಬಾಕ್ಸ್ ಹೊರುವವರನ್ನು, ಲಾರಿ ಡ್ರೈವರನ್ನು ಮಾತಾಡಿಸಿ. ಈ ಲೋಡ್ ಎಲ್ಲಿಗೆ ಹೋಗುತ್ತದೆ, ರೇಟ್ ಬಿದ್ದ ದಿನ ಉಳಿದ ಹಣ್ಣು ಏನಾಗುತ್ತದೆ ಅಂತ ಕೇಳಿ. ಅವರು ಹೇಳಿದ್ದನ್ನು ನಿಮ್ಮ ಟೇಬಲ್ಲಿನ ಪಕ್ಕದಲ್ಲೇ ಬರೆದಿಡಿ.